ಬೆಲ್ಲದ ಪೆಂಟಿಗೆ ಸ್ಪೀಡ್ ಕಿಟ್

ಯಾರ ಕಾರಿನಲ್ಲಿ ಮುಂದೆ ಕೂತರೂ ಮೊದಲು ಬಗ್ಗಿ, ಡ್ರೈವರಿನ ಕಾಲ ಕೆಳಗೆ ಹಾಸಿದ ರಬ್ಬರ್ ಚಾಪೆಯ ಅಂಚು ಎತ್ತಿ ನೋಡುವ ಒಂದು ಚಟ ನನಗಿದೆ. ಇದು ಸಭ್ಯಸ್ಥರ ಲಕ್ಷಣವಲ್ಲ ಎಂಬುದು ನನಗೂ ಗೊತ್ತು. ಕೆಲವರು ನನ್ನ ಚಿಲ್ಲರೆ ಬಿದ್ದಿದೆಯೆಂದು ತಿಳಿದು ತಾವೂ ಬಗ್ಗಿ ಹುಡುಕುತ್ತಾರೆ. ಕೆಲವರು ತಮ್ಮ ಕಾರಿನ ಸ್ವಚ್ಛತೆಯ ಬಗ್ಗೆ ನನಗೆ ಸಂಶಯ ಬಂದಿದೆಯೆಂದು ಮುಖ ಗಂಟಿಕ್ಕುತ್ತಾರೆ. ನನ್ನ ಹೆಂಡತಿ ಪದ್ಮಾ ಮಾತ್ರ ಹಿಂದಿನ ಸೀಟಿನಲ್ಲಿ ಕೂತು ಸುಮ್ಮನೆ ಹೊರಗೆ ನೋಡುತ್ತಾಳೆ. ಅವಳಿಗೆ ಕಾರಣ ಗೊತ್ತು. ಈ ಚಟ ನನಗೆ ಹತ್ತಿದ್ದು ಒಂದು ಭಾನುವಾರದ ಸಂಜೆ, ಮಂಗಸೂಳಿಯ ಮಲ್ಲಯ್ಯನ ಗುಡಿಯ ಎದುರು. ಆವತ್ತು ನನಗೆ ಒಂದರ ಮೇಲೊಂದು ಎಷ್ಟು ಆಘಾತಗಳಾದವೆಂದರೆ, ಕೊನೆಯದು ಬರುವ ಹೊತ್ತಿಗೆ ಹೌಹಾರುವುದಕ್ಕೂ ನನ್ನಲ್ಲಿ ತ್ರಾಣ ಉಳಿದಿರಲಿಲ್ಲ.

ನಾನು ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವನು. ವೇಗ, ಘರ್ಷಣೆ, ಸನ್ನೆಗೋಲು ಇವೆಲ್ಲ ನನಗೆ ಅನ್ನ ಹಾಕಿದ ದೇವರುಗಳು. ಅವುಗಳ ಬಗ್ಗೆ ಬೋರ್ಡಿನ ಮೇಲೆ ಬರೆದು ಸವೆಸಿದ ಸುಣ್ಣದ ಕಡ್ಡಿಗಳನ್ನೆಲ್ಲ ಒಟ್ಟುಗೂಡಿಸಿದರೆ ಒಂದು ಮನೆಗೆ ಸುಣ್ಣ ಬಳಿಯಬಹುದಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನೀವು ನಗುವಾಗ ಪೂರ್ತಿ ನಗಬೇಕಲ್ಲ.

ಎಂಬತ್ತರ ದಶಕದ ನಡುವಿನಲ್ಲಿ ನಮ್ಮ ಮನೆಗೆ ಒಂದು ಕಾರು ಬಂತು. ನಾನು ಕೊಂಡದ್ದಲ್ಲ. ಶೇಡಬಾಳದಲ್ಲಿ ಡಾಕ್ಟರಾಗಿದ್ದ ನನ್ನ ಮಾವ ನೇಮಣ್ಣನವರು, ಕಣ್ಣಿಗೆ ಪೊರೆ ಬಂದು ಡ್ರೈವಿಂಗ್ ಬಿಟ್ಟಾಗ, ತಮ್ಮ ಹಳೆಯ ವಿಲಾಯತಿ ಕಾರನ್ನು ಮಗಳಿಗೆ ಕೊಟ್ಟರು. ಸಣ್ಣ ಗಾತ್ರ, ಎಲ್ಲ ಕಡೆಗೂ ದುಂಡಗೆ, ಬಣ್ಣ ಕಂದು. ಶೇಡಬಾಳದ ಜನ ಅದಕ್ಕೆ ಇಟ್ಟ ಹೆಸರು ‘ಬೆಲ್ಲದ ಪೆಂಟಿ’, ಅಂದರೆ ಬೆಲ್ಲದ ಉಂಡೆ. ಸುತ್ತ ಹತ್ತು ಹಳ್ಳಿಗಳಲ್ಲಿ ಹೆರಿಗೆ ನೋವು, ಹಾವು ಕಡಿತ, ವಾಂತಿಭೇದಿ ಎಲ್ಲಕ್ಕೂ ಆ ಪೆಂಟಿಯೇ ಓಡಿತ್ತು. ಪದ್ಮಾ ನಡೆಯಲು ಕಲಿತದ್ದು ಅದರ ಬಂಪರ್ ಹಿಡಿದು. ಈಗಲೂ ಅದರಲ್ಲಿ ಕೂತರೆ ಎದುರಿನ ಹಲಗೆಯ ಮೇಲೆ ಒಮ್ಮೆ ಕೈಯಾಡಿಸದೆ ಅವಳು ಬಾಗಿಲು ಹಾಕಿಕೊಳ್ಳುತ್ತಿರಲಿಲ್ಲ.

ಕೀಲಿಕೈ ಕೊಡುವಾಗ ಮಾವ ನನ್ನನ್ನು ಅಂಗಳಕ್ಕೆ ಕರೆದರು.

“ಅಳಿಯಾರ, ಗಾಡಿ ಹ್ಯಾಂಗ ಐತಿ ಹಂಗ ಇರ್ಲಿ. ಏನರ ಬದ್ಲ ಮಾಡೂದಿದ್ರ ಮೊದ್ಲ ನನಗೊಂದ ಮಾತ ಹೇಳ್ರಿ. ಹೇಳದನ ಮಾಡಿದ್ರ ಕೀಲಿಕೈ ವಾಪಸ್ ತಗೋತೇನಿ” ಅಂದರು.

ಮಾವ ಮಿತಭಾಷಿ. ಒಮ್ಮೆ ಆಡಿದ್ದನ್ನು ಎರಡನೆಯ ಸಲ ಆಡುವವರಲ್ಲ. ಕೀಲಿಕೈ ವಾಪಸು ಹೋದರೆ ಕಾರಿನ ಗತಿ ಏನೆಂಬುದೂ ನಮಗೆ ಗೊತ್ತಿತ್ತು. ಸಾಂಗ್ಲಿಯಲ್ಲಿದ್ದ ಪದ್ಮಾಳ ಅಣ್ಣ ಅದನ್ನು ಗುಜರಿಗೆ ಹಾಕಲು ತುದಿಗಾಲ ಮೇಲೆ ನಿಂತಿದ್ದ. ನಾನು ದೊಡ್ಡದಾಗಿ ತಲೆಯಾಡಿಸಿದೆ. ಮಾತು ಕೊಡುವಾಗ ತಲೆಯಾಡಿಸುವುದು ಬಹಳ ಸುಲಭದ ಕೆಲಸ.

ಪೆಂಟಿಗೆ ಒಂದೇ ಒಂದು ದೋಷ. ಅದು ಓಡುತ್ತಿರಲಿಲ್ಲ. ಸಾಗುತ್ತಿತ್ತು. ಎಷ್ಟು ಒತ್ತಿದರೂ ಮುಳ್ಳು ಒಂದು ಕಡೆ ಬಂದು, ಹಟ ಹಿಡಿದ ಕರುವಿನ ಹಾಗೆ ನಿಂತುಬಿಡುತ್ತಿತ್ತು. ಕಬ್ಬು ಹೇರಿದ ಟ್ರ್ಯಾಕ್ಟರುಗಳು ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಅದನ್ನಾದರೂ ಸಹಿಸಬಹುದು. ಕಾಗವಾಡದ ಹತ್ತಿರ ಒಮ್ಮೆ ಶರ್ಯತ್ತಿನ, ಅಂದರೆ ಓಟದ ಪಂದ್ಯದ, ಎತ್ತುಗಳ ಖಾಲಿ ಗಾಡಿಯೊಂದು ನಮ್ಮ ಪಕ್ಕದಿಂದ ಝಣಝಣ ಎನ್ನುತ್ತ ಮುಂದೆ ಹೋಯಿತು. ಹೊಡೆಯುವವನು ತಿರುಗಿ ನೋಡಿ, ನಕ್ಕಿದ್ದರೆ ಒಳ್ಳೆಯದಿತ್ತು, ಕನಿಕರಪಟ್ಟ.

ಆದರೆ ನನ್ನ ನಿಜವಾದ ಜಿದ್ದು ಇದ್ದದ್ದು ಎತ್ತುಗಳ ಜೊತೆಗಲ್ಲ, ಸೂರ್ಯನ ಜೊತೆಗೆ. ನಾವು ಜೈನರು. ಮಾವನ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಕತ್ತಲಲ್ಲಿ ದೀಪಕ್ಕೆ ಬಂದ ಹುಳ ಅನ್ನಕ್ಕೆ ಬಿದ್ದು ಸಾಯಬಾರದು, ಅದಕ್ಕೇ ಬೆಳಕಿರುವಾಗಲೇ ಉಣ್ಣಬೇಕು. ಚಿಕ್ಕೋಡಿಯ ನನ್ನ ಮನೆಯಲ್ಲಿ ಈ ನೇಮ ಸ್ವಲ್ಪ ಸಡಿಲಾಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ಶೇಡಬಾಳದಲ್ಲಿ ಸಡಿಲಿಲ್ಲ. ತಿಂಗಳಿಗೆರಡು ಸಲ ಅಲ್ಲಿಗೆ ಹೋಗುವಾಗ, ಅಂಕಲಿ ದಾಟಿ, ಕೃಷ್ಣೆಯ ಸೇತುವೆಗೆ ಬರುವಷ್ಟರಲ್ಲಿ ಸೂರ್ಯ ನೀರಿಗೆ ಹತ್ತಿರವಾಗಿರುತ್ತಿದ್ದ. ಕಾಗವಾಡಕ್ಕೆ ಬಂದಾಗ ಕೆಂಪಾಗಿರುತ್ತಿದ್ದ. ಶೇಡಬಾಳದ ಅಂಗಳದಲ್ಲಿ ನಾನು ಕಾರು ನಿಲ್ಲಿಸುವಾಗ ಅತ್ತೆ ಪಾತ್ರೆಗಳನ್ನು ತೊಳೆದು ಬೋರಲು ಹಾಕುತ್ತಿರುತ್ತಿದ್ದರು. ಹಿಂಡಿ ಪಲ್ಯೆ, ಎಣ್ಣೆಗಾಯಿ, ಬಿಸಿ ಜೋಳದ ರೊಟ್ಟಿ ಮುಗಿದ ಸುದ್ದಿಯನ್ನು ಅಡುಗೆಮನೆಯ ವಾಸನೆಯೇ ಹೇಳುತ್ತಿತ್ತು. ಬೆಳತನಕ ಹೊಟ್ಟೆಗೆ ತಣ್ಣೀರ ಬಟ್ಟೆಯೇ ಗತಿ.

ಪುರಾಣದವರು ಸೂರ್ಯನ ರಥವನ್ನು ಬಣ್ಣಿಸುವುದನ್ನು ಕೇಳಿದ್ದೀರಲ್ಲ. ಒಂದೇ ಗಾಲಿ, ಏಳು ಕುದುರೆ, ಸಾರಥಿ ಅರುಣನಿಗೆ ತೊಡೆಗಳೇ ಇಲ್ಲ. ಇಂಥ ಗಾಡಿಗೆ ನಮ್ಮ ಯಾವ ಆಫೀಸೂ ಲೈಸೆನ್ಸ್ ಕೊಡಲಾರದು. ನನ್ನದಕ್ಕೆ ನಾಲ್ಕು ಗಾಲಿ, ಎಂಜಿನಿನಲ್ಲಿ ಏಳಕ್ಕಿಂತ ಎಷ್ಟೋ ಹೆಚ್ಚು ಕುದುರೆ, ಸಾರಥಿಗೆ ತೊಡೆಗಳು ಎರಡಲ್ಲ, ಪದ್ಮಾಳ ಲೆಕ್ಕದಲ್ಲಿ ನಾಲ್ಕಾಗುವಷ್ಟು. ಆದರೂ ಪ್ರತಿ ಸಲ ಅವನೇ ಮೊದಲು ಮುಟ್ಟುತ್ತಿದ್ದ.

“ಒಂದ್ ತಾಸ ಮೊದ್ಲ ಹೊಂಟ್ರ ಆತ್ರಿ” ಎಂದು ಪದ್ಮಾ ಹೇಳುತ್ತಿದ್ದಳು.

ವಿಜ್ಞಾನ ಓದಿದವನಿಗೆ ಇಷ್ಟು ಸರಳ ಪರಿಹಾರ ಹೇಳುವುದು ಅವಮಾನ. ನಾನು ಮಧ್ಯಾಹ್ನದ ನಿದ್ದೆ ಮುಗಿಸಿ, ಚಹಾ ಕುಡಿದು, ಪೇಪರಿನ ಕೊನೆಯ ಪುಟ ಓದಿಯೇ ಹೊರಡುತ್ತಿದ್ದೆ. ತಪ್ಪು ನನ್ನ ನಿದ್ದೆಯದಲ್ಲ, ಎಂಜಿನಿನದು ಎಂಬುದು ನನ್ನ ಸಿದ್ಧಾಂತ.

ನಮ್ಮ ಸೀಮೆಯ ಗಾಳಿಯೂ ಈ ಸಿದ್ಧಾಂತಕ್ಕೆ ಅನುಕೂಲವಾಗಿತ್ತು ಎನ್ನಬೇಕು. ಇಲ್ಲಿ ಯಾವುದನ್ನೂ ದೇವರು ಕೊಟ್ಟಷ್ಟಕ್ಕೇ ಬಿಡುವುದಿಲ್ಲ. ಶರ್ಯತ್ತಿನ ಎತ್ತಿಗೆ ಮೊಟ್ಟೆ, ಬದಾಮಿ, ತುಪ್ಪ ತಿನ್ನಿಸುತ್ತಾರೆ. ಮನೆಯ ಮಕ್ಕಳು ಅಸೂಯೆಯಿಂದ ನೋಡುತ್ತಿರುತ್ತವೆ. ಅಥಣಿಯ ಕಡೆ ದ್ರಾಕ್ಷಿಯ ಗೊನೆಗಳನ್ನು ಒಂದೊಂದಾಗಿ ಔಷಧಿಯ ಮಗ್ಗಿನಲ್ಲಿ ಅದ್ದಿ ಕಾಳು ಉದ್ದ ಮಾಡುತ್ತಾರೆ. ಟ್ರ್ಯಾಕ್ಟರಿಗೆ ಒಂದರ ಹಿಂದೆ ಎರಡು ಟ್ರೇಲರು, ಅದರ ಮೇಲೆ ಎರಡಾಳೆತ್ತರ ಕಬ್ಬು. ಇಂಥ ಕಡೆ ಒಂದು ಸಣ್ಣ ಕಾರನ್ನು ಮಾತ್ರ ಹುಟ್ಟಿದ ಹಾಗೇ ಇಟ್ಟುಕೊಳ್ಳಬೇಕೆಂದರೆ ಯಾವ ನ್ಯಾಯ?

ಕೊಲ್ಲಾಪುರದ ರದ್ದಿ ಅಂಗಡಿಯೊಂದರಲ್ಲಿ ಸಿಕ್ಕ ಹಳೆಯ ಇಂಗ್ಲಿಷ್ ಪತ್ರಿಕೆಯೊಂದು ನನ್ನ ತಲೆ ಕೆಡಿಸಿತು. ಅದರಲ್ಲಿ ನಮ್ಮ ಪೆಂಟಿಯ ತದ್ರೂಪಿ ಅಕ್ಕನೊಬ್ಬಳು ಒಂದು ತಿರುವಿನಲ್ಲಿ ಮೂರೇ ಗಾಲಿಯ ಮೇಲೆ ಹಾರುತ್ತಿದ್ದಳು. ಪಕ್ಕದಲ್ಲಿ ಜಾಹೀರಾತು: ನಿಮ್ಮ ಸಣ್ಣ ಕಾರಿಗೆ ಸ್ಪೀಡ್ ಕಿಟ್. ಒಂದರ ಬದಲು ಎರಡು ಕಾರ್ಬುರೇಟರು, ಗಾಳಿ ಎಳೆಯಲು ತುತ್ತೂರಿಯಂಥ ತೆರೆದ ಬಾಯಿಗಳು, ಹೊಗೆ ಬಿಡಲು ನಾಲ್ಕು ಕವಲಿನ ಪೈಪು, ಬಿರುಸಿನ ಸ್ಪ್ರಿಂಗುಗಳು. ಆ ಪುಟವನ್ನು ಹರಿದು ಪಾಠದ ಟಿಪ್ಪಣಿಗಳ ನಡುವೆ ಇಟ್ಟುಕೊಂಡೆ. ಬಿಡುವಿನ ವೇಳೆ ತೆಗೆದು ನೋಡುತ್ತಿದ್ದೆ. ಸಹೋದ್ಯೋಗಿಗಳು ಬೇರೇನೋ ಚಿತ್ರವೆಂದು ತಿಳಿದು ಇಣುಕಿ ನೋಡಿ ನಿರಾಶರಾದರು.

ನಿಪ್ಪಾಣಿಯಲ್ಲಿ ಬಾಪು ಮಿಸ್ತ್ರಿ ಎಂಬ ಮೆಕ್ಯಾನಿಕ್ ಇದ್ದ. ಹೈವೇಯ ಪಕ್ಕ ಗ್ಯಾರೇಜು, ಒಳಗೆ ತಂಬಾಕಿನ ಘಾಟು, ಗೋಡೆಯ ಮೇಲೆ ಕುದುರೆ ಏರಿದ ಮಲ್ಲಯ್ಯನ ಪಟ. ಅವನ ಮಾತಿನಲ್ಲಿ ಕನ್ನಡ ಎಲ್ಲಿ ಮುಗಿಯಿತು, ಮರಾಠಿ ಎಲ್ಲಿ ಸುರುವಾಯಿತು ಎಂದು ಗೆರೆ ಎಳೆಯಲು ಯಾವ ಆಯೋಗಕ್ಕೂ ಆಗುತ್ತಿರಲಿಲ್ಲ. ಅವನಿಗೆ ಆ ಪುಟ ತೋರಿಸಿದೆ. ಅವನು ಮಸಿ ಒರೆಸಿಕೊಂಡು, ಪುಟವನ್ನು ಕಣ್ಣಿಗೆ ಒತ್ತಿಕೊಂಡ.

“ಸಾಹೇಬ, ಇದ ಪುಣಾದಾಗ ಒಬ್ಬರ ಮನ್ಯಾಗ ಪೆಟಗ್ಯಾಗ ಬಿದ್ದೈತಿ. ರೇಸಿನ ಹುಚ್ಚ ಬಿಟ್ಟಾರ ಅವ್ರು. ಕಾಯ್ ಸಾಂಗು, ಏನ ಹೇಳ್ಲಿ, ಇದನ್ನ ಹಾಕಿದ್ರ ನಿಮ್ಮ ಗಾಡಿ ನೆಲಾ ಮುಟ್ಟೂದಿಲ್ಲ ನೋಡ್ರಿ” ಅಂದ.

ಪದ್ಮಾ ಎರಡು ವಾರಕ್ಕೆಂದು ತವರಿಗೆ ಹೋದಳು. ನಾನು ಅವಳನ್ನು ಬಸ್ಸು ಹತ್ತಿಸಿ, ಮನೆಗೆ ಬಂದು, ಕಾರು ತೆಗೆದುಕೊಂಡು ನೆಟ್ಟಗೆ ನಿಪ್ಪಾಣಿಗೆ ಹೋದೆ. ಮಾವನಿಗೆ ‘ಒಂದು ಮಾತು’ ಹೇಳಬೇಕಿತ್ತು. ಹೇಳಿದರೆ ಬೇಡ ಎನ್ನುತ್ತಿದ್ದರು. ಆದ್ದರಿಂದ ಹೇಳಲಿಲ್ಲ. ಬಾನೆಟ್ಟಿನ ಒಳಗೆ ಏನಿದೆಯೆಂದು ಪೊರೆ ಬಂದ ಕಣ್ಣಿಗೆ ಹೇಗೆ ಕಂಡೀತು ಎಂದು ಲೆಕ್ಕ ಹಾಕಿದೆ. ನಾಚಿಕೆಯಿಂದ ಹೇಳುತ್ತೇನೆ, ಇದು ನನ್ನದೇ ಲೆಕ್ಕ.

ಹತ್ತು ದಿನದ ಮೇಲೆ ಬಾಪು ಎಂಜಿನ್ ಚಾಲೂ ಮಾಡಿದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅದು ಪೆಂಟಿಯ ದನಿಯಾಗಿರಲಿಲ್ಲ. ಪಕ್ಕದ ಅಂಗಡಿಯ ಡಬ್ಬಿಗಳು ನಡುಗಿದವು. ಬಾಪು ಬಾನೆಟ್ಟಿನ ಹತ್ತಿರ ನಿಂತು ಕೈಯಿಂದಲೇ ಕಾರ್ಬುರೇಟರಿನ ಕೊಂಡಿ ತಿರುಗಿಸುತ್ತ ಅದರಿಂದ ಘರ್ಜನೆ ಹಾಕಿಸುತ್ತಿದ್ದ. ಹೊಳೆಯುವ ಎರಡು ತುತ್ತೂರಿಗಳು ಗಾಳಿಯನ್ನು ಬುಸ್ ಬುಸ್ ಎಂದು ನುಂಗುತ್ತಿದ್ದವು.

“ಇವಕ್ಕ ಜಾಳಿಗಿ ಬ್ಯಾಡೇನ ಬಾಪು? ಧೂಳ ಹೋಗೂದಿಲ್ಲ?” ಎಂದು ಕೇಳಿದೆ.

“ಹುಲಿಗೆ ಯಾರಾದ್ರೂ ಬಾಯಿ ಕಟ್ತಾರೇನ್ರಿ?” ಅಂದ.

ಉತ್ತರ ಭೌತಶಾಸ್ತ್ರೀಯವಾಗಿರಲಿಲ್ಲ. ಆದರೆ ನನಗೆ ಹಿಡಿಸಿತು. ಹೈವೇಗೆ ಹೋಗಿ ಪೂರ್ತಿ ಒತ್ತಿದೆ. ಆಕಾಶ ಬಿರಿಯುವ ಶಬ್ದ. ಮುಳ್ಳು ನೋಡಿದೆ. ಗರ ಬಡಿದವನಂತಾದೆ. ಮುಳ್ಳು ತನ್ನ ಹಳೆಯ ಜಾಗಕ್ಕೆ ಬಂದು, ಅಲ್ಲಿಂದ ಎರಡು ಗೀಟು ಮುಂದೆ ಸರಿದು, ಎಂದಿನಂತೆ ನಿಂತುಬಿಟ್ಟಿತ್ತು. ಹಿಂದಿನಿಂದ ಬಂದ ಲಾರಿಯವನು, ಇಷ್ಟು ಸಪ್ಪಳ ಮಾಡುವವನು ಯಾಕೆ ಹೋಗುತ್ತಿಲ್ಲ ಎಂದು ತಿಳಿಯದೆ ಹಾರ್ನು ಒತ್ತಿಯೇ ಒತ್ತಿದ.

ಬಾಪುವಿಗೂ ತಲೆಬುಡ ತಿಳಿಯಲಿಲ್ಲ. ಬಹಳ ಹೊತ್ತು ತಲೆ ಕೆರೆದುಕೊಂಡು ಕೊನೆಗೆ ಕಾರಣ ಕಂಡುಹಿಡಿದ.

“ಮಲ್ಲಯ್ಯಗ ತೋರಿಸಿಲ್ಲ ನೋಡ್ರಿ ಸಾಹೇಬ. ನಮ್ಮ ಗ್ಯಾರೇಜಿನ ಪದ್ಧತಿ ಐತಿ. ಎಂಜಿನ್ ಬಿಚ್ಚಿ ಕಟ್ಟಿದ ಗಾಡಿ ಮೊದ್ಲ ಮಂಗಸೂಳಿಗೆ ಹೋಗಬೇಕು, ಆಮ್ಯಾಲ ಮನೀಗೆ. ಭಂಡಾರ ಬೀಳಲಿ, ಹ್ಯಾಂಗ ಓಡೂದಿಲ್ಲ ನೋಡೂಣು.”

ಭಂಡಾರವೆಂದರೆ ಅರಿಶಿನದ ಪುಡಿ. ಮಲ್ಲಯ್ಯನಿಗೆ ಅದನ್ನು ಹಿಡಿಹಿಡಿಯಾಗಿ ತೂರುತ್ತಾರೆ. ನನಗೂ ಮಂಗಸೂಳಿ ಅನುಕೂಲವಾಗಿತ್ತು. ಅಲ್ಲಿಂದ ಶೇಡಬಾಳ ಹತ್ತಿರ. ಪೂಜೆ ಮುಗಿಸಿ, ಬಾಪುವನ್ನು ಬಸ್ಸಿಗೆ ಬಿಟ್ಟು, ಹೊತ್ತು ಮುಳುಗುವುದರೊಳಗೆ ಮಾವನ ಮನೆ ಸೇರಿ ಉಂಡು, ಪದ್ಮಾಳನ್ನು ಕರೆದುಕೊಂಡು ಬರುವುದೆಂದು ನಿಶ್ಚಯಿಸಿದೆ. ಸಪ್ಪಳದ ಬಗ್ಗೆ ಕೇಳಿದರೆ ಸೈಲೆನ್ಸರು ತೂತಾಗಿದೆ ಎಂದರಾಯಿತು.

ಭಾನುವಾರ ಮಲ್ಲಯ್ಯನ ವಾರ. ಗುಡಿಯ ಮುಂದೆ ಜನ ತುಂಬಿತ್ತು, ನೆಲ ಹಳದಿ, ಗೋಡೆ ಹಳದಿ, ಅಡ್ಡಾಡುವ ನಾಯಿಗಳೂ ಹಳದಿ. ಬಾಪು ಪೂಜಾರಿಯನ್ನು ಕರೆತಂದ. ನಾನು ಸೀಟಿನಲ್ಲಿ ಕೂತಿದ್ದೆ. ತೆಂಗಿನಕಾಯಿ ಒಡೆದದ್ದಾಯಿತು, ಗಾಲಿಗೆ ನಿಂಬೆಹಣ್ಣು ಇಟ್ಟದ್ದಾಯಿತು. ನಂತರ ಬಾಪು ಬಾನೆಟ್ ಎತ್ತಿ, ದೇವರಿಗೆ ಕಿಟ್ ಚೆನ್ನಾಗಿ ಕಾಣಲೆಂದು ಎಂಜಿನ್ ಚಾಲೂ ಇಟ್ಟು, ಕೊಂಡಿ ತಿರುಗಿಸಿ ಘರ್ಜನೆ ಹಾಕಿಸಿದ. ಜನ ಓಡಿ ಬಂದರು. ಇಂಥ ದನಿಯ ಗಾಡಿಯನ್ನು ಅವರು ಕಂಡಿರಲಿಲ್ಲ.

ಪೂಜಾರಿ ಹಿಡಿತುಂಬ ಭಂಡಾರ ತೆಗೆದುಕೊಂಡು, “ಯೇಳಕೋಟ ಯೇಳಕೋಟ” ಎಂದು ಕೂಗಿ, ಎಂಜಿನಿನ ಮೇಲೆ ತೂರಿದ. ಸುತ್ತ ನಿಂತವರು ಬಿಡುತ್ತಾರೆಯೇ? ಎಡದಿಂದೊಂದು ಹಿಡಿ, ಬಲದಿಂದೊಂದು ಹಿಡಿ, ಒಬ್ಬ ಮುದುಕಿಯಂತೂ ತನ್ನ ಮಡಿಲಲ್ಲಿದ್ದುದನ್ನೆಲ್ಲ ಸುರಿದಳು. ಬಾಯಿ ತೆರೆದುಕೊಂಡಿದ್ದ ತುತ್ತೂರಿಗಳು ಒಂದು ಕಾಳೂ ಬಿಡದೆ ಎಲ್ಲವನ್ನೂ ನುಂಗಿದವು. ಎಂಜಿನ್ ಒಮ್ಮೆ ಬಿಕ್ಕಿತು. ಎರಡು ಸಲ ಕೆಮ್ಮಿತು. ಆಮೇಲೆ ಹಿಂದಿನಿಂದ ಢಮ್ ಎಂದು ತೋಪು ಹಾರಿಸಿದಂತೆ ಸದ್ದಾಗಿ, ಹಳದಿ ಹೊಗೆಯ ಮೋಡವೇ ಎದ್ದಿತು. ಸುತ್ತಲೂ ಸೀದ ಒಗ್ಗರಣೆಯ ವಾಸನೆ. ಜನ ಚೆಲ್ಲಾಪಿಲ್ಲಿಯಾದರು. ನಾನು ಬಾಗಿಲು ತೆಗೆದು ಹೊರಬಿದ್ದೆ.

ಹೊಗೆ ಮೆಲ್ಲಗೆ ತಿಳಿಯಾಯಿತು. ಅದರ ಆಚೆ ಮಾವ ನಿಂತಿದ್ದರು. ಕೊರಳಲ್ಲಿ ಸ್ಟೆಥಾಸ್ಕೋಪು. ಅವರ ಹಿಂದೆ ಔಷಧದ ಪೆಟ್ಟಿಗೆ ಹಿಡಿದು ನನ್ನ ಪದ್ಮಾ.

ನನ್ನ ಜೀವ ಹಾರಿಹೋಯಿತು. ಮಾವ ಡ್ರೈವಿಂಗ್ ಬಿಟ್ಟಿದ್ದರೇ ಹೊರತು ಡಾಕ್ಟರಿಕೆ ಬಿಟ್ಟಿರಲಿಲ್ಲ. ಪ್ರತಿ ಭಾನುವಾರ ಬಸ್ಸಿನಲ್ಲಿ ಬಂದು, ಗುಡಿಯ ಪಡಸಾಲೆಯಲ್ಲಿ ಕೂತು, ಬರುವ ಭಕ್ತರಿಗೆ ಪುಕ್ಕಟೆ ಗುಳಿಗೆ ಕೊಡುತ್ತಿದ್ದರಂತೆ. ಅಳಿಯನಾದವನಿಗೆ ಇದು ಗೊತ್ತಿರಬೇಕಿತ್ತು. ಮಾವನ ಮನೆಯ ಬಗ್ಗೆ ನನಗೆ ಗೊತ್ತಿದ್ದದ್ದು ಊಟದ ಹೊತ್ತು ಮಾತ್ರ.

ಮಾವ ಹತ್ತಿರ ಬಂದು, ತೆರೆದ ಬಾನೆಟ್ಟಿನೊಳಗೆ ಬಗ್ಗಿದರು. ಪೊರೆ ಬಂದ ಕಣ್ಣಿಗೂ ಎರಡು ತುತ್ತೂರಿ ಕಂಡವು.

“ಎಷ್ಟ ದಿನದಿಂದ ಐತಿ ಈ ಕೆಮ್ಮ?” ಎಂದು ಕೇಳಿದರು.

ಬಾಪುವೇ ಉತ್ಸಾಹದಿಂದ ಎಲ್ಲ ವರದಿ ಒಪ್ಪಿಸಿದ. ಪುಣೆಯ ಪೆಟ್ಟಿಗೆ, ಹತ್ತು ದಿನದ ಕೆಲಸ, ಸಾಹೇಬರು ಯಾರಿಗೂ ಹೇಳಬಾರದು ಅಂದದ್ದು, ಒಂದನ್ನೂ ಬಿಡಲಿಲ್ಲ. ಅವನ ಪ್ರಾಮಾಣಿಕತೆ ಆವತ್ತು ನನಗೆ ಬಹಳ ನೋವು ಕೊಟ್ಟಿತು.

ಮಾವ ಕೈ ಚಾಚಿದರು. ನಾನು ಕೀಲಿಕೈ ತೆಗೆದು ಅವರ ಅಂಗೈಯಲ್ಲಿಟ್ಟೆ. ಪದ್ಮಾ ನನ್ನ ಕಡೆ ನೋಡಿದಳು. ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ಕಣ್ಣಲ್ಲಿ ನೀರಿತ್ತು.

“ನನಗರ ಹೇಳಬಾರದಿತ್ತ?” ಎಂದಳು. ಅಷ್ಟೇ. ಇವತ್ತಿಗೂ ಆ ಮಾತು ನೆನಪಾದರೆ ನಾಚಿಕೆಯಾಗುತ್ತದೆ.

ಮಾವ ಬಾಪುವಿನ ಕಡೆ ತಿರುಗಿ, ಮೊದಲು ಅದರ ಗಂಟಲು ಸ್ವಚ್ಛ ಮಾಡು ಅಂದರು. ಬಾಪು ಕಾರ್ಬುರೇಟರು ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಸಂದುಗೊಂದಿನ ಅರಿಶಿನವನ್ನೆಲ್ಲ ಊದಿ ತೆಗೆದ. ಮತ್ತೆ ಕೂಡಿಸಿ, ಕೊಂಡಿ ಸರಿಯಾಗಿ ಎಳೆಯುತ್ತದೋ ಇಲ್ಲವೋ ನೋಡಬೇಕೆಂದು ನನ್ನನ್ನು ಸೀಟಿನಲ್ಲಿ ಕೂರಿಸಿ ಪೆಡಲ್ ಒತ್ತಲು ಹೇಳಿದ.

“ಪೂರ್ತಿ ಒತ್ರಿ.”

“ಒತ್ತೇನಲ್ಲ.”

“ಅರ್ಧಾನೂ ತೆರದಿಲ್ಲ ಸಾಹೇಬ. ಪೂರ್ತಿ ಒತ್ರಿ.”

“ಪಾದ ನೆಲಕ್ಕ ಹತ್ತೈತಿ ಮಾರಾಯಾ.”

ಬಾಪು ಎದ್ದು ಬಂದ. ಗ್ಯಾರೇಜಿನಲ್ಲಿ ಅವನು ಕೊಂಡಿಯನ್ನು ಯಾವಾಗಲೂ ಕೈಯಿಂದಲೇ ತಿರುಗಿಸಿದ್ದ. ಕೆಳಗೆ ಪೆಡಲ್ ಎಷ್ಟು ಇಳಿಯುತ್ತದೆ ಎಂದು ನೋಡಿರಲೇ ಇಲ್ಲ. ಈಗ ನನ್ನ ಕಾಲು ಸರಿಸಿ, ರಬ್ಬರ್ ಚಾಪೆಯನ್ನು ಎತ್ತಿದ. ಹಾಗೇ ಕೂತುಬಿಟ್ಟ.

“ಅರೆ ದೇವಾ. ಸಾಹೇಬ, ಇಲ್ಲೊಂದ ಕಟ್ಟಿಗಿ ಐತಿ.”

ಬಗ್ಗಿ ನೋಡಿದೆ. ಪೆಡಲಿನ ಕೆಳಗೆ, ಮೂರು ಬೆರಳು ದಪ್ಪದ ಜಾಲಿ ಕಟ್ಟಿಗೆಯ ತುಂಡು. ಎರಡು ಸ್ಕ್ರೂ ಹಾಕಿ ನೆಲಕ್ಕೆ ಬಿಗಿದಿತ್ತು. ಎಷ್ಟು ವರ್ಷ ಹಳೆಯದೋ, ಕಬ್ಬಿಣದ ಹಾಗೆ ಕಪ್ಪಾಗಿತ್ತು. ಪೆಂಟಿಯ ಎಂಜಿನಿಗೆ ಯಾವ ರೋಗವೂ ಇರಲಿಲ್ಲ. ಅದಕ್ಕೆ ಯಾರೋ ಕಾಲು ಕಟ್ಟಿದ್ದರು. ಸನ್ನೆಗೋಲಿನ ಪಾಠ ಮಾಡುವ ಪ್ರೊಫೆಸರು ಒಂದು ಸನ್ನೆಯ ಕೆಳಗೆ ಏನಿದೆಯೆಂದು ನೋಡದೆ ಪುಣೆಯಿಂದ ಕಿಟ್ ತರಿಸಿದ್ದ. ಮೆಟ್ಟುವವನು ನಾನೇ, ಮೂರು ವರ್ಷ ಅದನ್ನೇ ಮೆಟ್ಟಿ ನೆಲವೆಂದು ನಂಬಿದ್ದೆ.

“ಯಾರ ಬಡದಾರ್ರಿ ಇದನ್ನ?” ಎಂದ ಬಾಪು.

“ನಾನ ಬಡಸೇನಿ” ಎಂದರು ಮಾವ.

ಅವರು ಕಾರಿನ ಫುಟ್‌ಬೋರ್ಡಿನ ಮೇಲೆ ಕೂತರು. ಬಿಸಿಲು ಇಳಿಯುತ್ತಿತ್ತು. ನಮ್ಮ ಯಾರ ಮುಖವನ್ನೂ ನೋಡದೆ ಹೇಳಿದರು.

“ಪದ್ಮಾ ಆಗ ಸಣ್ಣಾಕಿ. ಒಂದ ದಿನ ಐನಾಪುರದಾಗ ರೋಗಿ ನೋಡಿ ಮನೀಗಿ ಬರಾಕತ್ತಿದ್ದೆ. ಹೊತ್ತ ಮುಣಗಾಕ ಬಂದಿತ್ತು. ಹಸಿವಿ ಬಾಳ ಆಗಿತ್ತು. ಊಟ ತಪ್ಪತೈತಿ ಅಂತ ಜೋರ ಬಿಟ್ಟೆ. ಆಗ ಈ ಗಾಡಿ ಓಡತಿತ್ತು, ಅಳಿಯಾರ. ನಿಮಗ ಗೊತ್ತಿಲ್ಲ, ಬಾಳ ಓಡತಿತ್ತು. ಹಾದ್ಯಾಗ ಒಂದ ನಾಯಿ ಅಡ್ಡ ಬಂತು.”

ಕೊರಳಿನ ಸ್ಟೆಥಾಸ್ಕೋಪು ತೆಗೆದು ಮಡಿಲಲ್ಲಿಟ್ಟುಕೊಂಡರು.

“ಇಳದ ನೋಡಿದ್ನಿ. ಹಾಲ ಕುಡಸೂ ನಾಯಿ. ಡಾಕ್ಟರ ನಾನು, ಏನೂ ಮಾಡಾಕ ಆಗ್ಲಿಲ್ಲ. ಅನ್ನದಾಗ ಹುಳ ಸಾಯಬಾರದು ಅಂತ ಹೊತ್ತ ಮುಣಗೂದ್ರಾಗ ಉಣ್ಣಾಕ ಓಡಾಕತ್ತಿದ್ದೆ ನೋಡ್ರಿ. ಓಡಿ ನಾಯಿ ಕೊಂದೆ.”

ನಾನು ಕಾರಿನ ಬಾಗಿಲು ಹಿಡಿದು ನಿಂತಿದ್ದೆ. ಆ ಸಂಜೆ ಹೊಗೆ, ಢಮ್ಮೆಂಬ ಸದ್ದು, ಮಾವನ ದರ್ಶನ, ಕಟ್ಟಿಗೆಯ ತುಂಡು, ಇವೆಲ್ಲ ನನ್ನನ್ನು ಬೆಚ್ಚಿಬೀಳಿಸಿದ್ದವು. ಈ ಮಾತು ಬೆಚ್ಚಿಬೀಳಿಸಲಿಲ್ಲ. ಒಳಗೆ ಎಲ್ಲೋ ಹೋಗಿ ಕೂತಿತು. ನಾನು ಕಿಟ್ ಹಾಕಿಸಿದ್ದು ಅದೇ ಊಟಕ್ಕೆ, ಅದೇ ಸೂರ್ಯನನ್ನು ಹಿಡಿಯಲು.

“ಮರೀ ಬೇಲ್ಯಾಗ ಇದ್ದೂ. ನಾಕ. ಚೀಲದಾಗ ಹಾಕ್ಕೊಂಡ ಮನೀಗಿ ತಂದೆ. ಮರುದಿನ ಬಡಿಗ್ಯಾನ ಕರಸಿ ಈ ಕಟ್ಟಿಗಿ ಬಡಸಿದೆ. ಇದಕ್ಕಿಂತ ಜೋರ ಹೋಗೂದು ಬ್ಯಾಡ. ಹೊತ್ತ ಮೀರಿದ ದಿನ ಉಪವಾಸ.”

“ಮೋತಿ?” ಎಂದಳು ಪದ್ಮಾ. ಅವಳ ದನಿ ಸಣ್ಣದಾಗಿತ್ತು. ಮೋತಿ ಅವಳ ಬಾಲ್ಯದ ನಾಯಿ. ಅದರ ಕತೆ ನಾನು ನೂರು ಸಲ ಕೇಳಿದ್ದೆ. ಅದು ಎಲ್ಲಿಂದ ಬಂತೆಂದು ಅವಳೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

“ಹೌದವ್ವಾ. ಮೋತಿ ಅದರಾಗಿಂದ ಒಂದು” ಎಂದರು ಮಾವ.

ಬಾಪು ಈ ಮಧ್ಯೆ ಸ್ಕ್ರೂ ಬಿಚ್ಚಿ ಕಟ್ಟಿಗೆ ಹೊರತೆಗೆದಿದ್ದ. ಮಾವ ಅದನ್ನು ಕೇಳಿ ತೆಗೆದುಕೊಂಡರು, ಅದರ ಮೇಲಿನ ಧೂಳನ್ನು ಧೋತರದ ಅಂಚಿನಿಂದ ಒರೆಸಿದರು. ಆಮೇಲೆ ನನ್ನ ಒಂದು ಕೈಯಲ್ಲಿ ಕೀಲಿಕೈ ಇಟ್ಟರು, ಇನ್ನೊಂದರಲ್ಲಿ ಕಟ್ಟಿಗೆ ಇಟ್ಟರು.

“ನೀವು ಹೇಳದನ ಮಾಡೀರಿ, ಅದು ತಪ್ಪು. ನಾನೂ ಹೇಳದನ ಕೊಟ್ಟೇನಿ, ಅದೂ ತಪ್ಪ ಐತಿ. ಈಗ ಗಾಡಿ ಓಡತೈತಿ. ಹೊತ್ತ ಮುಣಗಾಕ ಇನ್ನೂ ಅರ್ಧ ತಾಸ ಐತಿ. ಜೋರ ಹೋದ್ರ ಊಟ ಸಿಗತೈತಿ. ನಿಮ್ಮ ಮ್ಯಾಲ ಬಿಟ್ಟೇನಿ” ಎಂದರು.

ಒಪ್ಪಿಕೊಳ್ಳುತ್ತೇನೆ, ಒಂದು ಕ್ಷಣ ನನ್ನ ಪಾದ ತುರಿಸಿತು. ಕೈಯಲ್ಲಿ ಕೀಲಿಕೈ, ಎದುರಿಗೆ ಹುಲಿಯಂಥ ಎಂಜಿನ್, ಅರ್ಧ ತಾಸಿನ ದಾರಿಯ ಕೊನೆಗೆ ಬಿಸಿ ರೊಟ್ಟಿ. ಗುಡಿಯ ಮುಂದೆ ಅರಿಶಿನ ಮೆತ್ತಿದ ಒಂದು ನಾಯಿ ಗಾಲಿಯ ನೆರಳಿಗೆ ಬಂದು ಮಲಗಿ, ನಿಂಬೆಹಣ್ಣು ಮೂಸುತ್ತಿತ್ತು.

“ಬಾಪು, ಸ್ಕ್ರೂ ಎಲ್ಲಿ ಇಟ್ಟಿ?” ಎಂದೆ.

ಬಾಪುವಿಗೆ ಆದ ಆಘಾತವನ್ನು ಬಣ್ಣಿಸಲಾರೆ. ಅವನ ಬದುಕಿನ ದೊಡ್ಡ ಕೆಲಸ ಅದು. “ಇಷ್ಟ ದೊಡ್ಡ ಕಿಟ್ ಹಾಕಿ, ಅದರ ಕೆಳಗ ಮತ್ತ ಕಟ್ಟಿಗಿ ಬಡ್ಯೂದೇನ್ರಿ?” ಎಂದು ಮೂರು ಸಲ ಕೇಳಿದ. ಆಮೇಲೆ ಗುಡಿಯ ಕಡೆ ತಿರುಗಿ, ಇದರಲ್ಲಿ ತನ್ನ ಪಾಲು ಏನೂ ಇಲ್ಲವೆಂಬಂತೆ ಮಲ್ಲಯ್ಯನಿಗೆ ಕೈ ಮುಗಿದು, ಅದೇ ಹಳೆಯ ತೂತುಗಳಲ್ಲಿ ಅದೇ ಸ್ಕ್ರೂ ತಿರುವಿದ. ಅವನು ಬಸ್ಸಿಗೆ ನಡೆದ, ಮಾವ ಹಿಂದಿನ ಸೀಟಿನಲ್ಲಿ ಕೂತರು, ಪದ್ಮಾ ಬಂದು ನನ್ನ ಪಕ್ಕ ಕೂತಳು. ಎದುರಿನ ಹಲಗೆಯ ಮೇಲೆ ಒಮ್ಮೆ ಕೈಯಾಡಿಸಿ ಬಾಗಿಲು ಹಾಕಿಕೊಂಡಳು.

ಶೇಡಬಾಳಕ್ಕೆ ಬಂದಾಗ ಕತ್ತಲಾಗಿತ್ತು. ಅತ್ತೆ ಪಾತ್ರೆ ಬೋರಲು ಹಾಕಿ ಹೊಸ್ತಿಲಲ್ಲಿ ಕೂತಿದ್ದರು. ಆವತ್ತು ಅವರೂ ಉಂಡಿರಲಿಲ್ಲ. ಆಗ ನನಗೆ ಇನ್ನೊಂದು ಸತ್ಯ ಹೊಳೆದು ಮುಖ ಬಿಸಿಯಾಯಿತು: ಮಾವ ತಡವಾಗಿ ಬಂದ ಸಾವಿರ ಸಂಜೆಗಳಲ್ಲಿ ಅವರ ಜೊತೆ ಉಪವಾಸ ಬಿದ್ದವರು ಇವರು. ಅತ್ತೆ ಯಾರನ್ನೂ ಏನೂ ಕೇಳಲಿಲ್ಲ. ನನ್ನ ಹಳದಿ ಮುಖ ನೋಡಿ, “ಕಾಮಾಲಿ ಆಗೇತೇನ ಅಳಿಯಾರಿಗೆ?” ಎಂದಷ್ಟೇ ಗಾಬರಿಯಾದರು.

ಕಿಟ್ಟನ್ನು ತೆಗೆಸಬೇಡಿ, ಇರಲಿ ಎಂದವರು ಮಾವನೇ. ಅದಕ್ಕೆ ಅವರ ಕಾರಣವಿತ್ತು. ಇಷ್ಟು ಸಪ್ಪಳವಿದ್ದರೆ ನಾಯಿಗಳು ದೂರದಿಂದಲೇ ಎದ್ದು ಹೋಗುತ್ತವೆ. ಹೀಗಾಗಿ ಮುಂದೆ ಹತ್ತಾರು ವರ್ಷ ನಮ್ಮ ಪೆಂಟಿ ಹುಲಿಯ ದನಿಯಲ್ಲಿ ಎಮ್ಮೆಯ ಹೆಜ್ಜೆ ಹಾಕಿತು. ರಾಯಬಾಗದ ಸಂತೆಯಲ್ಲಿ ಜನ ಘರ್ಜನೆ ಕೇಳಿ ಗಾಬರಿಯಿಂದ ಎರಡೂ ಕಡೆ ಸರಿದು ನಿಲ್ಲುತ್ತಿದ್ದರು, ನಾವು ಬಹಳ ಹೊತ್ತಾದ ಮೇಲೆ ಅವರ ನಡುವೆ ಹಾಯ್ದು ಹೋಗುತ್ತಿದ್ದೆವು. ಕೆಲವರು ಕಾದು ಬೇಸತ್ತು ಮತ್ತೆ ರಸ್ತೆಗೆ ಇಳಿದಿರುತ್ತಿದ್ದರು.

ಶೇಡಬಾಳಕ್ಕೆ ಹೋಗುವ ದಿನ ಮಾತ್ರ ನಾನು ಮಧ್ಯಾಹ್ನದ ನಿದ್ದೆ ಬಿಟ್ಟೆ. ಒಂದು ತಾಸು ಮೊದಲು ಹೊರಟೆವು. ಅಷ್ಟಕ್ಕೇ ಸೂರ್ಯ ಸೋತ. ರೊಟ್ಟಿ ಬಿಸಿಯಾಗಿ ಸಿಕ್ಕಿತು. ಪದ್ಮಾ ಒಂದು ಸಲವೂ ‘ನಾ ಹೇಳಿದ್ನಿಲ್ಲ’ ಎನ್ನಲಿಲ್ಲ, ಪ್ರತಿ ಸಲ ಇನ್ನೊಂದು ರೊಟ್ಟಿ ಹಾಕಿದಳು. ನನ್ನ ಪ್ರಕಾರ ಎರಡೂ ಒಂದೇ.

ಮಾವ ಈಗಿಲ್ಲ. ಪೆಂಟಿ ಇದೆ, ಹಿತ್ತಿಲಲ್ಲಿ ತಾಡಪತ್ರಿ ಹೊದ್ದು ಮಲಗಿದೆ. ಮೊನ್ನೆ ಸಾಂಗ್ಲಿಯ ಬಾವಮೈದುನ ಹೊಸ ಕಾರು ತಂದು, ನಮ್ಮನ್ನು ಕೂರಿಸಿಕೊಂಡು ಶೇಡಬಾಳಕ್ಕೆ ಹೊರಟ. ಒಳಗೆ ತಂಪು, ಎಂಜಿನಿನ ಸಪ್ಪಳವೇ ಇಲ್ಲ. ಅಂಕಲಿ ಯಾವಾಗ ಬಂತು, ಯಾವಾಗ ಹೋಯಿತು ತಿಳಿಯಲಿಲ್ಲ. ಸೇತುವೆಯ ಹತ್ತಿರ ಸೂರ್ಯ ಕೆಂಪಾಗುತ್ತಿದ್ದ. ಬಾವಮೈದುನ, ಊಟ ತಪ್ಪಿಸೋದು ಬೇಡ ಎಂದು ಇನ್ನಷ್ಟು ಒತ್ತಿದ. ನಾನು ಬಗ್ಗಿ, ಅವನ ಕಾಲ ಬಳಿಯ ಚಾಪೆಯ ಅಂಚು ಎತ್ತಿ ನೋಡಿದೆ.

ಕೆಳಗೆ ಏನೂ ಇರಲಿಲ್ಲ. ನನ್ನ ಎದೆ ಧಸಕ್ಕೆಂದಿತು.

“ಏನ ಬಿತ್ತ ಭಾವಾ?” ಎಂದ ಅವನು.

ಉತ್ತರ ಕೊಟ್ಟವಳು ಹಿಂದೆ ಕೂತ ಪದ್ಮಾ. “ಏನೂ ಬಿದ್ದಿಲ್ಲ ಅಣ್ಣಾ. ನೀ ಸಾವಕಾಶ ನಡಸು. ಊಟ ನಾಳೆನೂ ಮಾಡಬಹುದು.”